ಫೋಟೋದಲ್ಲಿ ಮುಜಂಟಿ ಜೇನಿನ (ಕುಟುಕದ ಪುಟ್ಟ ಜೇನು) ಕಣ್ಣು ಶಾರ್ಪ್ ಬರ್ತಿಲ್ಲ, ಏನು ಮಾಡಲಿ?

ನೀರ್ಚಾಲಿನವ:
ಮಳೆ ಬಿಟ್ಟ ಮೇಲೆ ಅಂಗಳದ ಬದಿಯಲ್ಲಿ ತುಂಬೆ ಗಿಡ ಜಾಸ್ತಿ ಎದ್ದಿದೆ. ನಮ್ಮ ಅಡುಗೆಮನೆ ಗೋಡೆಯ ತೂತಿನ ಮುಜಂಟಿಗಳು ಅಲ್ಲಿಗೇ ಬರುತ್ತವೆ. ತೀರಾ ಹತ್ತಿರದಿಂದ ತೆಗೆಯಲು ಕ್ಯಾನನ್ನಿನ 18-55 ಲೆನ್ಸನ್ನು ರಿವರ್ಸ್ ರಿಂಗ್ ಹಾಕಿ ಕ್ಯಾಮೆರಾಕ್ಕೆ ಹಿಂದುಮುಂದಾಗಿ ಕೂರಿಸಿದ್ದೇನೆ. ಕಣ್ಣು ಸಿಕ್ಕರೆ ರೆಕ್ಕೆ ಮಸುಕು, ರೆಕ್ಕೆ ಸಿಕ್ಕರೆ ಕಣ್ಣು ಮಸುಕು. ನಿನ್ನೆ 140 ಫೋಟೋ ತೆಗೆದೆ, ಉಳಿದದ್ದು ಎರಡು. ಅದರಲ್ಲಿ ಒಂದರಲ್ಲಿ ಹುಳವೇ ಇಲ್ಲ!

ಬದಿಯಡ್ಕ ತೋಟ:
ಮುಜಂಟಿ ಇರುವುದೇ ಸುಮಾರು 4 ಮಿ.ಮೀ. ಅಲ್ವಾ? ಅಷ್ಟು ಹತ್ತಿರದಲ್ಲಿ ಫೋಕಸ್ ಸಿಗುವುದು ಕೂದಲೆಳೆಯಷ್ಟು ಜಾಗಕ್ಕೆ. ಲೆನ್ಸ್ ತಿರುಗಿಸಿದರೆ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಪೂರ್ತಿ ತೆರೆದೇ ಇರುತ್ತದೆ. ಅದು ಕಿರಿದಾದರೆ ಹೆಚ್ಚು ಜಾಗ ಶಾರ್ಪ್ ಬರುತ್ತದೆ. ಮೊದಲು ಲೆನ್ಸ್ ನೆಟ್ಟಗೆ ಹಾಕಿ ಅಪರ್ಚರನ್ನು ಎಫ್/11ಕ್ಕೆ ಕಿರಿದಾಗಿ ಇಡಿ, ಕ್ಯಾಮೆರಾದ ಡೆಪ್ತ್ ಪ್ರಿವ್ಯೂ ಬಟನ್ (ಕಿಂಡಿಯನ್ನು ಅಷ್ಟಕ್ಕೇ ಮುಚ್ಚಿ ತೋರಿಸುವ ಬಟನ್) ಒತ್ತಿಕೊಂಡೇ ಲೆನ್ಸ್ ಬಿಚ್ಚಿ. ಅಪರ್ಚರ್ ಅಲ್ಲಿಗೇ ನಿಲ್ಲುತ್ತದೆ. ಬೆಳಕು ಸಾಲದು, ಫ್ಲ್ಯಾಶ್ ಬೇಕೇ ಬೇಕು. ಫ್ಲ್ಯಾಶಿನ ಮುಂದೆ ಬಟರ್ ಪೇಪರ್ ಅಂಟಿಸಿ, ಇಲ್ಲದಿದ್ದರೆ ಹುಳದ ಬೆನ್ನು ಕನ್ನಡಿ ಹಾಗೆ ಹೊಳೆಯುತ್ತದೆ.

ಕುಂಬಳೆ ಅಕ್ಕ:
ರಿಂಗ್ ತಿರುಗಿಸಿ ಫೋಕಸ್ ಹುಡುಕಬೇಡಿ ತಮ್ಮಾ. ಉಸಿರು ಹಿಡಿದು ನೀವೇ ಹಿಂದೆ ಮುಂದೆ ವಾಲಿ. ಗಾಳಿಗೆ ಗಿಡ ಅಲ್ಲಾಡಿದರೆ ಕಡ್ಡಿ ಊರಿ ಬಾಳೆನಾರಿನಲ್ಲಿ ಕಟ್ಟಿ. ಹೂವಿನ ಹಿಂದೆ ಓಡುವುದಾದರೂ ಯಾಕೆ? ಗೋಡೆಯ ತೂತಿನ ಮೇಣದ ಕೊಳವೆ ಬಾಯಿಯಲ್ಲಿ ಕಾವಲು ಹುಳಗಳು ಕೂತೇ ಇರುತ್ತವೆ. ಕುಟುಕುವುದಿಲ್ಲ, ಕೂದಲೊಳಗೆ ನುಗ್ಗುತ್ತವೆ, ಅಷ್ಟೇ. ತಲೆಗೆ ಬೈರಾಸು (ಟವೆಲ್) ಸುತ್ತಿಕೊಳ್ಳಿ.

ನೀರ್ಚಾಲಿನವ:
ಅಕ್ಕಾ, ಸಿಕ್ಕಿತು! ಕೊಳವೆಯ ಅಂಚಿನಲ್ಲಿ ಐದು ಮುಖ, ಒಂದರ ಕಣ್ಣಂತೂ ಚೆನ್ನಾಗಿ ಬಂದಿದೆ. ಬೈರಾಸು ಮಾತ್ರ ಮರೆತಿದ್ದೆ. ಇನ್ನೂ ತಲೆ ಬಾಚುತ್ತಿದ್ದೇನೆ.