ಅಪ್‌ಡೇಟ್: ಮಗಳು ಗ್ರಿನೆಲ್ ಕಾಲೇಜನ್ನು ಆರಿಸಿಕೊಂಡಳು

ಗಣಿತ ಮತ್ತು ಇತಿಹಾಸ ಎರಡನ್ನೂ ಬಿಡಲೊಲ್ಲದ ನಮ್ಮ ಮಗಳಿಗೆ ಅಮೆರಿಕದ ಕಾರ್ಲ್‌ಟನ್, ಮೆಕಾಲೆಸ್ಟರ್, ಗ್ರಿನೆಲ್ ಎಂಬ ಮೂರು ಲಿಬರಲ್ ಆರ್ಟ್ಸ್ ಕಾಲೇಜುಗಳಲ್ಲಿ (ವಿಜ್ಞಾನ, ಮಾನವಿಕ ವಿಷಯಗಳನ್ನು ಒಟ್ಟಿಗೆ ಓದಲು ಅವಕಾಶವಿರುವ ಸಣ್ಣ ಪದವಿ ಕಾಲೇಜುಗಳು) ಯಾವುದು ಹೊಂದೀತು ಎಂದು ಮಾರ್ಚ್ ತಿಂಗಳಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ರ‍್ಯಾಂಕಿಂಗ್ ಪಟ್ಟಿಗಳನ್ನು ಬದಿಗಿಟ್ಟು ನಾಲ್ಕು ವರ್ಷಗಳ ಓದನ್ನು ಕಾಗದದ ಮೇಲೆ ಬರೆದು ನೋಡಿರೆಂದು ಹಿರಿಯರೊಬ್ಬರು ಹೇಳಿದ್ದರು. ಕೊನೆಗೆ ದಾರಿ ತೋರಿಸಿದ್ದು ಅದೇ.

ಮೂರರಲ್ಲೂ ಸುಮಾರು 1,700ರಿಂದ 2,200 ವಿದ್ಯಾರ್ಥಿಗಳಿದ್ದಾರೆ, ಮೂರೂ ಮುಖ್ಯವಾಗಿ ಪದವಿ ಬೋಧನೆಯ ಕಾಲೇಜುಗಳು. ಆದರೆ ಕಾರ್ಲ್‌ಟನ್‌ನಲ್ಲಿ ವರ್ಷವನ್ನು ತಲಾ 10 ವಾರಗಳ ಮೂರು ಅವಧಿಗಳಾಗಿ ವಿಂಗಡಿಸುತ್ತಾರೆ. ನಿಧಾನವಾಗಿ ಓದಿ ಅರಗಿಸಿಕೊಳ್ಳುವ ಸ್ವಭಾವದ ಅವಳಿಗೆ ಆ ವೇಗ ಒಗ್ಗದೆಂದು ಅನ್ನಿಸಿತು. ಮೆಕಾಲೆಸ್ಟರ್ ಮಿನ್ನೆಸೋಟ ರಾಜ್ಯದ ರಾಜಧಾನಿ ಸೇಂಟ್ ಪಾಲ್ ನಗರದೊಳಗೇ ಇರುವುದರಿಂದ ನನ್ನ ಒಲವು ಅತ್ತ ಇತ್ತು.

ಅವಳನ್ನು ಸೆಳೆದದ್ದು 1846ರಲ್ಲಿ ಸ್ಥಾಪನೆಯಾದ ಗ್ರಿನೆಲ್. ಅಲ್ಲಿ ಆಯ್ದ ಮುಖ್ಯ ವಿಷಯದ ಅಗತ್ಯಗಳ ಹೊರತಾಗಿ ಎಲ್ಲರಿಗೂ ಕಡ್ಡಾಯವಾಗಿರುವುದು ಮೊದಲ ಸೆಮಿಸ್ಟರಿನ ಟ್ಯುಟೋರಿಯಲ್ (ಓದು, ಬರವಣಿಗೆ, ಚರ್ಚೆಯ ಸಣ್ಣ ತರಗತಿ) ಒಂದೇ, ಮತ್ತು ಅದನ್ನು ಕಲಿಸುವ ಪ್ರಾಧ್ಯಾಪಕರೇ ವಿದ್ಯಾರ್ಥಿ ತನ್ನ ಮುಖ್ಯ ವಿಷಯವನ್ನು ಘೋಷಿಸುವವರೆಗೂ ಸಲಹೆಗಾರರಾಗಿರುತ್ತಾರೆ. ಎರಡು ವಿಷಯಗಳ ನಡುವೆ ನಿಂತಿರುವ ಹುಡುಗಿಗೆ ಇದಕ್ಕಿಂತ ಒಳ್ಳೆಯ ಆಸರೆ ನನಗಂತೂ ಕಾಣಲಿಲ್ಲ.

ಅಯೋವಾ ರಾಜ್ಯದ ಹೊಲಗಳ ನಡುವಿನ ಆ ಪುಟ್ಟ ಊರು ಡೆ ಮಾಯ್ನ್ ನಗರದಿಂದ ಕಾರಿನಲ್ಲಿ ಸುಮಾರು ಒಂದು ಗಂಟೆಯ ದೂರದಲ್ಲಿದೆ ಎಂಬ ಆತಂಕ ನನಗಿನ್ನೂ ಇದೆ. ಪ್ರವೇಶ ಖಚಿತಪಡಿಸುವ ಮೇ 1ರ ಗಡುವಿಗೆ ಎರಡು ದಿನ ಮೊದಲೇ ಅವಳು ಒಪ್ಪಿಗೆ ಕಳುಹಿಸಿದ್ದಾಳೆ.