ತುಂಗಭದ್ರೆಯ ಎರೆ ಬಯಲಲ್ಲಿ ನವಶಿಲಾಯುಗದ ನೆಲೆ ಹುಡುಕುವುದು ಹೇಗೆ?

ಪ್ರಶ್ನೆ: ಬಳ್ಳಾರಿ ಕಡೆಯ ಎರೆಹೊಲಗಳಲ್ಲಿ ಐದು ಜನ ಸಾಲಾಗಿ ನಡೆದು ಸಮೀಕ್ಷೆ ಮಾಡಬೇಕು. ಅಂತರ ಎಷ್ಟು? ಯಾವಾಗ? ಮಡಕೆ ಚೂರು ಸಿಕ್ಕಲ್ಲೆಲ್ಲ ನೆಲೆ ಅನ್ನಬಹುದೇ?

ಉತ್ತರ 1: 20 ಮೀಟರ್ ಇಡಿ. ಒಬ್ಬರ ಕಣ್ಣಿಗೆ ಬೀಳುವುದು ಸುಮಾರು 2 ಮೀಟರ್ ಪಟ್ಟಿ, ಅಂದರೆ ನೆಲದ ಶೇ 10 ಮಾತ್ರ. ಚೂರು ದಟ್ಟವಾದಲ್ಲಿ 5 ಮೀಟರಿಗೆ ಇಳಿಸಿ. ಉಳುಮೆಯಾಗಿ ಒಂದು ಮಳೆ ಬಿದ್ದ ಹೊಲ ಉತ್ತಮ, ಧೂಳು ತೊಳೆದು ಚೂರು ಎದ್ದು ಕಾಣುತ್ತದೆ. ಬೆಳೆ ನಿಂತ ಹೊಲದಲ್ಲಿ ‘ಸಿಗಲಿಲ್ಲ’ ಅಂದರೆ ‘ಇಲ್ಲ’ ಅಂತಲ್ಲ. ನೆಲ ಎಷ್ಟು ಪಾಲು ಕಾಣುತ್ತಿತ್ತೆಂದು ಪ್ರತಿ ಹೊಲಕ್ಕೂ ಬರೆದಿಡಿ.

ಉತ್ತರ 2: ಮೂರನೆಯದೇ ಅಸಲಿ ತಲೆನೋವು. ಈ ಕಡೆ ಕಾಣುವ ಬೂದಿಗುಡ್ಡವೆಂದರೆ ನವಶಿಲಾಯುಗದ ಜನ ಸುಟ್ಟ ಸಗಣಿಯ ರಾಶಿ. ಆ ಮಣ್ಣನ್ನು ಗೊಬ್ಬರವೆಂದು ಹೊಲಕ್ಕೆ ಹೊಡೆದಿದ್ದರೆ ಜೊತೆಗೆ ಬಂದ ಚೂರು ಸುಳ್ಳು ನೆಲೆ ತೋರಿಸುತ್ತದೆ. ಕೈಯಿಂದ ಮಾಡಿದ ಬೂದುಬಣ್ಣದ ಮಡಕೆಯ ಜೊತೆ ಅರೆಯುವ ಕಲ್ಲು, ಡೋಲರೈಟ್ ಎಂಬ ಗಟ್ಟಿ ಕರಿಕಲ್ಲಿನ ಕೊಡಲಿಯ ಚಕ್ಕೆ, ಮೂಳೆ ಇದ್ದರೆ ನಂಬಿ. ಇನ್ನೊಂದು: ಬೇಸಿಗೆಯಲ್ಲಿ ಎರೆ ಬಿರಿದಾಗ ಚೂರು ಬಿರುಕಿಗೆ ಇಳಿಯುತ್ತದೆ, ಹಾಗಾಗಿ ಆಳ ನೋಡಿ ಕಾಲ ಹೇಳಬೇಡಿ.

ಉತ್ತರ 3: ಹೊಳೆದಂಡೆಯಲ್ಲಿ ನಡಿಗೆಯೊಂದೇ ಸಾಲದು, ಮೆಕ್ಕಲು ಮುಚ್ಚಿರುತ್ತದೆ. ನದಿ ಕೊರೆದ ದಂಡೆ, ಬಾವಿ, ಕಾಲುವೆ ಬದಿ ನೋಡಿ. ಬೂದಿ ಪದರ ಕಂಡರೆ ದಪ್ಪ ಅಳೆದು, ಫೋಟೊ ತೆಗೆದು, ಜಿಪಿಎಸ್ ಗುರುತು ಹಾಕಿ. ಕೆರೆಯಬೇಡಿ, ಅಗೆಯಲು ಪುರಾತತ್ತ್ವ ಸರ್ವೇಕ್ಷಣದ ಪರವಾನಗಿ ಬೇಕು. ತುಂಗಭದ್ರಾ ದಂಡೆಯ ನವಶಿಲಾಯುಗದ ನೆಲೆಯಾದ ಹಳ್ಳೂರಿನ ಸುಟ್ಟ ಹುರುಳಿ ಕಾಳು ಸಿಕ್ಕಿದ್ದೂ ಪದರದ ಮಣ್ಣನ್ನು ನೀರಲ್ಲಿ ತೇಲಿಸಿದಾಗ, ಹೊಲದ ಮೇಲಲ್ಲ.