ಲ್ಯಾಬ್ರಡೂಡಲ್ (ಲ್ಯಾಬ್ರಡಾರ್, ಪೂಡಲ್ ನಾಯಿಗಳ ಕ್ರಾಸ್) ಮರಿ ಮಾಡಿಸಬೇಕು, ತಂದೆ ತಾಯಿಯಲ್ಲಿ ಎಂತ ನೋಡಬೇಕು? ಮಾಡಿದವರು ಹೇಳಿ

ಕಿನ್ನಿಗೋಳಿ ರೋಸಿ:
ನಮ್ಮ ಲ್ಯಾಬ್ ಹೆಣ್ಣು ರೋಸಿಗೆ ಈಗ 14 ತಿಂಗಳು. ಎರಡನೇ ಹೀಟ್ (ಬೆದೆ) ಹತ್ತಿರ ಬಂತು. ಗೆಳೆಯರೊಬ್ಬರ ಹತ್ತಿರ ಸ್ಟ್ಯಾಂಡರ್ಡ್ ಪೂಡಲ್ ಗಂಡು ಉಂಟು, 3 ವರ್ಷದ್ದು. ಇಬ್ಬರೂ ನೋಡ್ಲಿಕ್ಕೆ ಗಟ್ಟಿಮುಟ್ಟು. ಕ್ರಾಸ್ ಮಾಡಿಸುವ ಮೊದಲು ಎಂತೆಂತ ನೋಡಬೇಕು? ಗಬ್ಬ ನಿಂತ ಮೇಲೆ ಹೇಗೆ ನೋಡಿಕೊಳ್ಳಬೇಕು? ರೋಸಿಗೆ ಮಳೆಗಾಲದಲ್ಲಿ ಕಿವಿ ಸೋರುತ್ತದೆ, ಅದು ತೊಂದರೆಯಾ?

ಬಿಜೈ ಅಕ್ಕ:
"ನೋಡ್ಲಿಕ್ಕೆ ಗಟ್ಟಿಮುಟ್ಟು" ಅಂತ ಓದಿದ ಕೂಡಲೇ ಎದೆ ಹಿಂಡಿದ ಹಾಗಾಯಿತು. 2017ರಲ್ಲಿ ನಾನೂ ಇದನ್ನೇ ಹೇಳಿದ್ದೆ. ನಮ್ಮ ಲ್ಯಾಬ್ ಪಿಂಕಿ, ಮತ್ತೆ ಬೆಂಗಳೂರಿನಿಂದ ತಂದ ಪೂಡಲ್. ಇಬ್ಬರಿಗೂ ಒಂದು ದಿನ ಜ್ವರ ಬಂದದ್ದಿಲ್ಲ. 7 ಮರಿ ಹಾಕಿದಳು, ಒಂದೂ ಸಾಯಲಿಲ್ಲ. ಎಲ್ಲ ಒಳ್ಳೆ ಮನೆಗೆ ಹೋದವು. ನಾಲ್ಕು ವರ್ಷ ಕಳೆದ ಮೇಲೆ ಅತ್ತಾವರದ ಮನೆಯವರು ಫೋನ್ ಮಾಡಿದರು. "ಅಕ್ಕ, ದೀಪ ಹಚ್ಚುವ ಹೊತ್ತಿಗೆ ಇವನು ಹೋಗಿ ತುಳಸಿಕಟ್ಟೆಗೆ ಗುದ್ದಿಕೊಳ್ಳುತ್ತಾನೆ, ಬೆಳಿಗ್ಗೆ ಸರಿ ಇರುತ್ತಾನೆ." ನಾನು ಎಂತ ಹೇಳಿದೆ ಗೊತ್ತುಂಟಾ? ಮೈ ಬಂದಿದೆ, ಜಾಸ್ತಿ ನಡೆಸಿ ಅಂದೆ. ಆ ಮಾತು ಈಗಲೂ ಚುಚ್ಚುತ್ತದೆ. ಒಂದು ವರ್ಷದೊಳಗೆ ಅವನಿಗೆ ಹಗಲೂ ಕಾಣದಾಯಿತು. ಮತ್ತೆ ಕಾರ್ಕಳಕ್ಕೆ ಹೋದ ಹೆಣ್ಣು ಮರಿಗೂ ಅದೇ ಆಯಿತು.

ಪಿಆರ್‌ಎ ಅಂತಾರೆ. ಕಣ್ಣಿನ ಒಳಗಿನ ಪರದೆ ಸ್ವಲ್ಪ ಸ್ವಲ್ಪವೇ ಸಾಯುತ್ತದೆ. ಮದ್ದಿಲ್ಲ. ಆಮೇಲೆ ತಂದೆ ತಾಯಿಯ ಕೆನ್ನೆ ಒಳಗಿಂದ ಸ್ವಾಬ್ ತೆಗೆದು ಡಿಎನ್‌ಎ ಟೆಸ್ಟಿಗೆ ಕಳಿಸಿದೆ. ಇಬ್ಬರೂ ಕ್ಯಾರಿಯರ್, ಅಂದರೆ ದೋಷದ ಜೀನ್ ಒಂದು ಪ್ರತಿ ಮಾತ್ರ ಇರುವವರು. ಕ್ಯಾರಿಯರ್ ನಾಯಿಗೆ ಜೀವಮಾನವಿಡೀ ಏನೂ ಆಗುವುದಿಲ್ಲ, ಹಾಗಾಗಿ ಯಾವ ಡಾಕ್ಟ್ರೂ ನೋಡಿ ಹೇಳಲಿಕ್ಕೆ ಸಾಧ್ಯ ಇಲ್ಲ. ಇಬ್ಬರು ಕ್ಯಾರಿಯರ್ ಸೇರಿದರೆ ಒಂದೊಂದು ಮರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಒಬ್ಬರು ಕ್ಲಿಯರ್ (ಆ ದೋಷ ಇಲ್ಲದವರು) ಇದ್ದಿದ್ದರೂ ಸಾಕಿತ್ತು, ಒಂದು ಮರಿಯೂ ಕುರುಡಾಗುತ್ತಿರಲಿಲ್ಲ. ಲ್ಯಾಬಿನಲ್ಲೂ ಪೂಡಲ್‌ನಲ್ಲೂ ಇರುವುದು ಒಂದೇ ದೋಷ ಮಾರಾಯ್ರೆ, ಎರಡು ತಳಿ ಸೇರಿಸಿದ ಕೂಡಲೇ ಅದು ಹೋಗುವುದಿಲ್ಲ.

ಲೆಕ್ಕ ಬೇಕಾದರೆ ಬರೆದುಕೊಳ್ಳಿ. ಎರಡು ಟೆಸ್ಟ್ 11,400. ಕೊರಿಯರ್ 860. ಕಣ್ಣಿನ ಡಾಕ್ಟ್ರಿಗೆ ತೋರಿಸಲು ಬೆಂಗಳೂರಿಗೆ ಎರಡು ಸಲ, ಡೀಸೆಲ್, ರೂಮು ಸೇರಿ 19,300. ಮರಿಯ 30,000 ವಾಪಸ್ ಕೊಡಲು ಹೋದೆ, ಅತ್ತಾವರದವರು ತಗೊಳ್ಳಲಿಲ್ಲ. ಅವರ ಮನೆಯಲ್ಲಿ ಈಗ ಒಂದು ಕುರ್ಚಿಯನ್ನೂ ಜಾಗ ಬಿಟ್ಟು ಸರಿಸುವುದಿಲ್ಲ.

ಸುರತ್ಕಲ್ ಡೂಡಲ್ಸ್:
ಅಕ್ಕ ಹೇಳಿದ್ದು ಸತ್ಯ, ಆದರೆ ಕಣ್ಣು ಒಂದೇ ಅಲ್ಲ. ನಾನು ಮರಿ ಮಾಡಿಸುವ ಮೊದಲು ಎರಡು ಲ್ಯಾಬ್ ಹೆಣ್ಣನ್ನು ಬೇಡ ಅಂತ ಬಿಟ್ಟಿದ್ದೇನೆ. ಮೊದಲನೆಯವಳು ಡೈಸಿ. ಚಿನ್ನದಂಥ ಗುಣ. ಓಡುವಾಗ ಮಾತ್ರ ಮೊಲದ ಹಾಗೆ ಎರಡು ಹಿಂಗಾಲು ಒಟ್ಟಿಗೆ ಎತ್ತುತ್ತಿದ್ದಳು, ನಮಗೆ ಅದು ಚಂದ ಕಾಣುತ್ತಿತ್ತು. ಅರಿವಳಿಕೆ ಕೊಟ್ಟು ಸೊಂಟದ ಎಕ್ಸ್‌ರೇ ತೆಗೆದಾಗ ಎಡಗಡೆ ಕೀಲು ಅರ್ಧ ಹೊರಗೆ ಇತ್ತು. ಮೊಣಕೈ ಎಕ್ಸ್‌ರೇ ಕೂಡ ಮಾಡಿಸಿ, ಲ್ಯಾಬ್ ನಾಯಿಗೆ ಆ ಕೀಲಿನ ತೊಂದರೆಯೂ ಇರುತ್ತದೆ. ಡೈಸಿಗೆ ಮರಿ ಆಗದ ಹಾಗೆ ಆಪರೇಷನ್ ಮಾಡಿಸಿ ಮನೆಯಲ್ಲೇ ಇಟ್ಟುಕೊಂಡೆ, ಅವಳಿಗೆ ಈಗ 9 ವರ್ಷ. ಅಮೆರಿಕದ ಓಎಫ್‌ಎ ಅನ್ನುವ ಸಂಸ್ಥೆ ನಾಯಿಯ ಸೊಂಟದ ಪಕ್ಕಾ ಸರ್ಟಿಫಿಕೇಟ್ ಕೊಡುವುದೇ 24 ತಿಂಗಳಾದ ಮೇಲೆ. ಅದಕ್ಕಿಂತ ಮೊದಲು ಎಕ್ಸ್‌ರೇ ಚೆನ್ನಾಗಿ ಬಂದರೂ ನಂಬಬೇಡಿ.

ಮೂರನೆಯವಳು ಜೂಲಿ. ಸೊಂಟ ಸರಿ, ಕಣ್ಣು ಕ್ಲಿಯರ್, ಓಡಿ ಕುಸಿಯುವ ಇಐಸಿ ಕ್ಲಿಯರ್. ಪೂಡಲ್ ಗಂಡಿಗೆ ರಕ್ತ ನಿಲ್ಲದ ವಾನ್ ವಿಲ್ಲೆಬ್ರಾಂಡ್ ಟೆಸ್ಟ್ ಕೂಡ ಮಾಡಿಸಿದೆ. ಎಲ್ಲ ಸೇರಿ 43,750 ಆಯಿತು. ಪ್ರೊಜೆಸ್ಟರಾನ್ ಹಾರ್ಮೋನ್ ನೋಡಲು ಐದು ಸಲ ರಕ್ತ ಕೊಟ್ಟು ದಿನ ಹಿಡಿದು ಕ್ರಾಸ್ ಮಾಡಿಸಿದೆ. ಸ್ಕ್ಯಾನ್‌ನಲ್ಲಿ 8 ಮರಿ ಕಂಡಿತು. ನಾವು ಮನೆಯ ಹಾಲ್‌ನಲ್ಲಿ ಗಟ್ಟಿ ನೆಲಕ್ಕೆ ಚಾಪೆ ಹಾಸಿದೆವು.

41ನೇ ದಿನ ಅವಳು ಊಟ ಬಿಟ್ಟಳು. ಒಸಡು ಬೆಳ್ಳಗೆ. ಕಿವಿ ಹಿಂದೆ ಹುಡುಕಿದರೆ ಒಂದು ಉಣುಗು. ಒಂದೇ ಒಂದು. ಪ್ಲೇಟ್‌ಲೆಟ್ 31,000. ಟಿಕ್ ಫೀವರ್. ಡಾಕ್ಟ್ರು ಡಾಕ್ಸಿ ಮಾತ್ರೆ ಕೈಯಲ್ಲಿ ಹಿಡಿದು ಯೋಚನೆ ಮಾಡುತ್ತಾ ಕೂತರು, ಕೊಟ್ಟರೆ ಹೊಟ್ಟೆಯ ಮರಿಗಳ ಹಲ್ಲು ಎಲುಬಿಗೆ ತೊಂದರೆ, ಕೊಡದಿದ್ದರೆ ಇವಳೇ ಉಳಿಯುವುದಿಲ್ಲ. ಕೊಟ್ಟರು. 28 ದಿನ ಕೊಟ್ಟೆವು. ಮರಿಗಳು ಎಲ್ಲ ಹೋದವು. ಜೂಲಿ ಉಳಿದಳು. ಈ ಕರಾವಳಿಯಲ್ಲಿ ಹುಲ್ಲು, ಹಾಡಿ, ಕೆಂಪು ಕಲ್ಲಿನ ಪಾಗಾರದ ಸಂದು, ಎಲ್ಲ ಕಡೆ ಉಣುಗು. ಮರು ವರ್ಷ ಕ್ರಾಸಿಗೆ ಮೂರು ತಿಂಗಳು ಮೊದಲೇ ಮದ್ದು ಶುರು ಮಾಡಿದೆ, ಗಬ್ಬದಲ್ಲಿ ಯಾವುದು ಕೊಡಬಹುದು ಅಂತ ಡಾಕ್ಟ್ರ ಹತ್ತಿರ ಬರೆಸಿಕೊಂಡೆ. ದಿನಾ ಎರಡು ಸಲ ಬೆರಳು ಹಾಕಿ ಮೈಯೆಲ್ಲಾ ಹುಡುಕಿದೆ. 9 ಮರಿ. ಒಂಬತ್ತೂ ಇದ್ದಾವೆ.

ಬ್ರಹ್ಮಾವರ ತೋಟ:
ಎಕ್ಸ್‌ರೇ, ಡಿಎನ್‌ಎ ಅಂತ ಹೇಳಿ ಜನರನ್ನು ಹೆದರಿಸಬೇಡಿ. ಪಟ್ಟಿ ಕೇಳಿದರೆ ಸಾಮಾನ್ಯ ಜನ ನಾಯಿ ಸಾಕಲಿಕ್ಕೇ ಇಲ್ಲ. ನಾನು 11 ತಿಂಗಳಿಗೆ ಕ್ರಾಸ್ ಮಾಡಿಸಿದ್ದೇನೆ, 6 ಮರಿ ತಾನೇ ಹಾಕಿದಳು. ಗಬ್ಬ ನಿಂತ ದಿನದಿಂದ ಕ್ಯಾಲ್ಸಿಯಂ ಸಿರಪ್, ಕುಚ್ಚಲಕ್ಕಿ ಗಂಜಿ, ಮುಳ್ಳು ತೆಗೆದ ಬೂತಾಯಿ. ಅಷ್ಟೇ.

ನನಗೆ ಪೆಟ್ಟು ಬಿದ್ದದ್ದು ಬೇರೆ ಕಡೆ. ಆ ಮರಿಗಳಲ್ಲಿ ಒಂದು ಹೆಣ್ಣು ಇಟ್ಟುಕೊಂಡು ಇನ್ನೊಬ್ಬರ ಲ್ಯಾಬ್ರಡೂಡಲ್ ಗಂಡಿಗೆ ಕ್ರಾಸ್ ಮಾಡಿಸಿದೆ. ಎರಡೂ ಎಫ್‌1, ಅಂದರೆ ನೇರ ಲ್ಯಾಬ್ ಮತ್ತು ಪೂಡಲ್‌ಗೆ ಹುಟ್ಟಿದ ಮೊದಲ ತಲೆಮಾರು. 8 ಮರಿ ಹುಟ್ಟಿತು, ಎಂಟು ವಾರಕ್ಕೆ ನೋಡಿದರೆ ಮೂರಕ್ಕೆ ಗಡ್ಡ ಮೀಸೆಯೇ ಇಲ್ಲ, ಮುಖ ನೇರ ಲ್ಯಾಬ್. ರಾಶಿ ಕೂದಲು ಉದುರಿಸುತ್ತಿದ್ದವು. ಉದುರುವುದಿಲ್ಲ ಅಂತ ನಾನು ಮಾತು ಕೊಟ್ಟಿದ್ದೆ. ಮೂರೂ ವಾಪಸ್ ಬಂದವು. 75,000 ವಾಪಸ್ ಕೊಟ್ಟೆ, ಐದು ತಿಂಗಳು ಸಾಕಿದೆ, ಫುಡ್ಡಿಗೇ 27,000. ಆ ಗಂಡು ನಾಯಿಯವರು ಶುದ್ಧ ಎಫ್‌1 ಅಂತ ಸುಳ್ಳು ಹೇಳಿ ನನ್ನನ್ನು ಮುಳುಗಿಸಿದರು.

ಕುಂದಾಪುರ ಕಡಲು:
11 ತಿಂಗಳಾ? ಅಣ್ಣ, ಅದು ಇನ್ನೂ ಬೆಳೆಯುವ ಮಗು. ಕೇಂದ್ರದ 2017ರ ನಾಯಿ ಬ್ರೀಡಿಂಗ್ ನಿಯಮದಲ್ಲೇ ಉಂಟು, 18 ತಿಂಗಳು ಆಗದೆ ಕ್ರಾಸ್ ಇಲ್ಲ, 8 ವರ್ಷ ದಾಟಿದ ಮೇಲೆ ಇಲ್ಲ, ಜೀವನದಲ್ಲಿ 5ಕ್ಕಿಂತ ಹೆಚ್ಚು ಸಲ ಇಲ್ಲ. ಬ್ರೀಡ್ ಮಾಡುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ರಿಜಿಸ್ಟರ್ ಕೂಡ ಆಗಬೇಕು.

ಆ ಕ್ಯಾಲ್ಸಿಯಂ ಮಾತು ದಯವಿಟ್ಟು ಯಾರಿಗೂ ಹೇಳಬೇಡಿ. ನಾನು ಅದನ್ನೇ ಮಾಡಿದ್ದು. ನಮ್ಮ ಮಿನಿ 16 ಕೆಜಿಯ ಚಿಕ್ಕ ಎಫ್‌1, ಹಾಕಿದ್ದು 9 ಮರಿ. ಗಬ್ಬದ ಎರಡು ತಿಂಗಳೂ ನಾನು ಪ್ರೀತಿಯಿಂದ ಸಿರಪ್ ಕುಡಿಸಿದೆ. ಹೆತ್ತು 17ನೇ ದಿನ, ಜೂನ್ ಮಳೆ, ಕರೆಂಟ್ ಇಲ್ಲ, ರಾತ್ರಿ ಎರಡು ಗಂಟೆ. ಮೊದಲು ಅತ್ತಿತ್ತ ತಿರುಗಿದಳು, ಆಮೇಲೆ ಕಾಲು ಕಟ್ಟಿಗೆ ಆಯಿತು, ಮೈಯೆಲ್ಲ ನಡುಗಿತು. ಜ್ವರ 106. ಗಬ್ಬದಲ್ಲಿ ಹೊರಗಿಂದ ಕ್ಯಾಲ್ಸಿಯಂ ಸುರಿದರೆ ಮೈ ತನ್ನ ಎಲುಬಿನಿಂದ ತೆಗೆದುಕೊಳ್ಳುವ ಅಭ್ಯಾಸ ಬಿಡುತ್ತದಂತೆ. ಹಾಲು ಜೋರಾಗಿ ಬರುವಾಗ ರಕ್ತದಲ್ಲಿ ಒಮ್ಮೆಲೇ ಕಡಿಮೆಯಾಗುತ್ತದೆ. ಡಾಕ್ಟ್ರು ಮನೆಗೆ ಬಂದು ಹೃದಯಕ್ಕೆ ಸ್ಟೆತಾಸ್ಕೋಪ್ ಇಟ್ಟುಕೊಂಡೇ ನಿಧಾನ ಡ್ರಿಪ್ ಏರಿಸಿದರು. ಆಟೋ 1,200, ಡಾಕ್ಟ್ರು, ಮದ್ದು 6,800. ಮರಿಗಳಿಗೆ ಎರಡು ಗಂಟೆಗೊಮ್ಮೆ ಬಾಟಲಿ ಹಾಲು, ಡಬ್ಬ ಒಂದಕ್ಕೆ 1,450, ಏಳು ಡಬ್ಬ. ಇನ್ವರ್ಟರ್ ಇಲ್ಲದೆ ಬಲ್ಬ್ ಆರಿ ಎರಡು ಮರಿ ಚಳಿಗೆ ಹೋದವು. ಬಿಸಿನೀರಿನ ಬಾಟಲಿಗೆ ಬೈರಾಸು ಸುತ್ತಿ ಬೆಳಗಿನವರೆಗೆ ಕೂತಿದ್ದೆ.

ಬ್ರಹ್ಮಾವರ ತೋಟ:
ನಿಮ್ಮದು ಚಿಕ್ಕ ನಾಯಿ, 9 ಮರಿ, ಅದಕ್ಕೆ ಆಗಿದ್ದು. ನನ್ನದಕ್ಕೆ ಏನೂ ಆಗಲಿಲ್ಲ. ನಿಯಮ ಓದಿ ನಾಯಿ ಸಾಕುವವಳು ನೀವೊಬ್ಬಳೇ.

ಕುಂದಾಪುರ ಕಡಲು:
ಏಕವಚನ ಬೇಡ. ನಿಮ್ಮ ನಾಯಿಯ ಅದೃಷ್ಟವನ್ನು ಸಲಹೆ ಅಂತ ಬೇರೆಯವರಿಗೆ ಹಂಚಬೇಡಿ ಅಂತ ಮಾತ್ರ ಹೇಳಿದೆ.

ಸುರತ್ಕಲ್ ಡೂಡಲ್ಸ್:
ಬ್ರಹ್ಮಾವರದವರೇ, ನಿಮಗೆ ಯಾರೂ ಸುಳ್ಳು ಹೇಳಿಲ್ಲ. ಗಡ್ಡ ಮೀಸೆಯ ಜೀನ್ ಪೂಡಲಿಂದ ಒಂದು ಪ್ರತಿ ಬರುತ್ತದೆ, ಲ್ಯಾಬಿಂದ ಬರುವುದಿಲ್ಲ. ಎರಡು ಎಫ್‌1 ಸೇರಿಸಿದರೆ ನಾಲ್ಕರಲ್ಲಿ ಒಂದು ಪಾಲು ಮರಿ ಎರಡೂ ಕಡೆಯಿಂದ ಇಲ್ಲದ್ದನ್ನೇ ಪಡೆಯುತ್ತದೆ. ಗಂಡು ಶುದ್ಧ ಎಫ್‌1 ಆಗಿದ್ದಕ್ಕೇ ಹಾಗೆ ಬಂತು. ಎಫ್‌1ಗೆ ಪುನಃ ಪೂಡಲ್ ಹಾಕಿದ್ದರೆ ಎಲ್ಲಕ್ಕೂ ಗಡ್ಡ ಇರುತ್ತಿತ್ತು. ಹಾಗಂತ ಉದುರುವುದೇ ಇಲ್ಲ ಅಂತ ಮಾತು ಕೊಡುವುದು ತಪ್ಪು.

ಪಡುಬಿದ್ರಿ ಶೆಣೈ ಮಾಮ್:
ನನಗೆ ಅರವತ್ತು ದಾಟಿತು, ಒಂದು ಮಾತು ಹೇಳುತ್ತೇನೆ. ಈ ಕ್ರಾಸನ್ನು ಹೆಸರಿಗೆ ತಂದ ವಾಲಿ ಕಾನ್ರನ್ ಆಸ್ಟ್ರೇಲಿಯಾದ ಗೈಡ್ ಡಾಗ್ ಸಂಸ್ಥೆಯಲ್ಲಿ ಇದ್ದವರು. ಹವಾಯಿಯ ಒಬ್ಬ ಅಂಧ ಮಹಿಳೆಗೆ ನಾಯಿ ಬೇಕಿತ್ತು, ಗಂಡನಿಗೆ ಅಲರ್ಜಿ. ಹುಟ್ಟಿದ ಮೂರು ಮರಿಗಳ ಕೂದಲು, ಜೊಲ್ಲು ಕಳಿಸಿದಾಗ ಒಂದು ಮರಿ ಮಾತ್ರ ಆಗಿಬಂತು. ಮೂರರಲ್ಲಿ ಒಂದು. ತಾನು ಶುರು ಮಾಡಿದ್ದಕ್ಕೆ ಅವರೇ ಆಮೇಲೆ ಪಶ್ಚಾತ್ತಾಪ ಪಟ್ಟರು. ಕೆಸಿಐ (ಕೆನೆಲ್ ಕ್ಲಬ್ ಆಫ್ ಇಂಡಿಯಾ) ಕೂಡ ಇದನ್ನು ತಳಿ ಅಂತ ದಾಖಲೆ ಮಾಡುವುದಿಲ್ಲ. ನಾನು ಮೊಮ್ಮಗಳ ಉಬ್ಬಸಕ್ಕೆ ಒಳ್ಳೆಯದು ಅಂತ 40,000 ಕೊಟ್ಟು ಒಂದು ಮರಿ ತಂದಿದ್ದೆ. ಹತ್ತನೇ ದಿನ ಅವಳನ್ನು ಆಸ್ಪತ್ರೆಗೆ ಸೇರಿಸಿದೆವು. ನಾಯಿ ಈಗ ತಮ್ಮನ ಮನೆಯಲ್ಲಿ. ರೋಸಿಗೆ ಮರಿ ಆಗದ ಹಾಗೆ ಆಪರೇಷನ್ ಮಾಡಿಸಿ, ಸುಖವಾಗಿ ಇಟ್ಟುಕೊಳ್ಳಿ.

ಬಿಜೈ ಅಕ್ಕ:
ಮಾಮ್, ಮೊಮ್ಮಗಳ ವಿಷಯ ಕೇಳಿ ಬೇಸರ ಆಯಿತು. ಆದರೆ ಕೇಳಿದ್ದು ಹೇಗೆ ಮಾಡುವುದು ಅಂತ. ಮಾಡಬೇಡಿ ಅಂದರೆ ಅವರು ಏನೂ ನೋಡದೆ ಮಾಡುತ್ತಾರೆ, ನಾನು ಮಾಡಿದ ಹಾಗೆ.

ಮಣಿಪಾಲ ಪೂಡಲ್:
ಎಲ್ಲರೂ ಹೆಣ್ಣಿನ ಕಷ್ಟ ಹೇಳಿದಿರಿ. ಗಂಡು ಸಾಕಿದವರನ್ನು ಯಾರು ಕೇಳುತ್ತಾರೆ? ನಮ್ಮ ಬ್ರೂನೋವನ್ನು 2021ರಲ್ಲಿ ಒಂದು ಹೆಣ್ಣಿಗೆ ಬಿಟ್ಟೆ, ಪರಿಚಯದವರು ಅಂತ ರಿಪೋರ್ಟ್ ಕೇಳಲಿಲ್ಲ. ನಾಲ್ಕು ತಿಂಗಳಿಗೆ ಅವನಿಗೆ ರಕ್ತ ತೊಟ್ಟಿಕ್ಕಲು ಶುರು. ಟಿವಿಟಿ, ಹೆಚ್ಚಾಗಿ ಕ್ರಾಸ್‌ನಿಂದ ಹರಡುವ ಗಡ್ಡೆ. ಆ ಹೆಣ್ಣು ಅದಕ್ಕಿಂತ ಮೊದಲು ಬೀದಿ ನಾಯಿಯೊಟ್ಟಿಗೆ ಹೋಗಿತ್ತಂತೆ. ವಾರಕ್ಕೊಂದು ವಿನ್‌ಕ್ರಿಸ್ಟಿನ್ ಇಂಜೆಕ್ಷನ್, ಆರು ವಾರ, ಪ್ರತಿ ಸಲ ಮೊದಲು ರಕ್ತ ಪರೀಕ್ಷೆ. 14,900. ಮೂರನೇ ವಾರ ಅವನು ನನ್ನ ಕೈಯಿಂದ ಅನ್ನ ಮುಟ್ಟಲಿಲ್ಲ. ನಮಗೆ ಸಿಕ್ಕಿದ ಸ್ಟಡ್ ಫೀ 8,000! ಆ ಮನೆಯವರು ಮರಿ ಮಾರಿದ್ದು ಎರಡು ಲಕ್ಷಕ್ಕೆ, ಒಂದು ಫೋನ್ ಇಲ್ಲ. ಈಗ ಬ್ರುಸೆಲ್ಲಾ (ಗಬ್ಬ ಕಳೆಯುವ ಸೋಂಕು) ರಿಪೋರ್ಟ್, ವ್ಯಾಕ್ಸಿನ್ ಪುಸ್ತಕ, ಡಾಕ್ಟ್ರು ಒಳಗೆ ನೋಡಿದ ಚೀಟಿ ಇಲ್ಲದೆ ಗೇಟ್ ತೆಗೆಯುವುದಿಲ್ಲ.

ಮಳೆಗಾಲದಲ್ಲಿ ಪೂಡಲ್ ಕೂದಲು ಬುಡದವರೆಗೆ ಒಣಗಿಸದಿದ್ದರೆ ಜಡೆಗಟ್ಟಿ ಕೆಳಗೆ ಚರ್ಮ ಕೊಳೆಯುತ್ತದೆ. ದಿನಾ ಡ್ರೈಯರ್. ಆ ಕೆಲಸಕ್ಕೆ ಸ್ಟಡ್ ಫೀಯಲ್ಲಿ ಯಾರೂ ಲೆಕ್ಕ ಹಾಕುವುದಿಲ್ಲ.

ಬ್ರಹ್ಮಾವರ ತೋಟ:
8,000 ಕಡಿಮೆಯಾ? ನನ್ನಿಂದ ಒಬ್ಬರು 15,000 ಮತ್ತೆ ಆರಿಸಿದ ಮೊದಲ ಮರಿ, ಎರಡೂ ತಗೊಂಡರು. ಗಂಡಿನವರಿಗೆ ಒಂದು ದಿನದ ಕೆಲಸ.

ಮಣಿಪಾಲ ಪೂಡಲ್:
ಆರು ವಾರ ಇಂಜೆಕ್ಷನ್ ಚುಚ್ಚಿಸಿಕೊಂಡ ನಾಯಿಯ ಹತ್ತಿರ ಬಂದು ಹೇಳಿ, ಒಂದು ದಿನದ ಕೆಲಸ ಅಂತ.

ಕಿನ್ನಿಗೋಳಿ ರೋಸಿ:
ಎಲ್ಲ ಓದಿದೆ, ರಾತ್ರಿ ನಿದ್ರೆ ಬರಲಿಲ್ಲ. ಈ ಹೀಟ್ ಬಿಡುತ್ತೇನೆ. ಕಿವಿಯ ವಿಷಯ ಯಾರೂ ಹೇಳಲಿಲ್ಲ.

ಬಿಜೈ ಅಕ್ಕ:
ಪಿಂಕಿಗೂ ಕಿವಿ ಸೋರುತ್ತಿತ್ತು. ನಾವು ಮಳೆ ಅಂದುಕೊಂಡೆವು, ಅದು ಚರ್ಮದ ಅಲರ್ಜಿ, ಮೂರು ಮರಿಗೂ ಬಂತು. ಪ್ರತಿ ವರ್ಷ ಬರುತ್ತದಾ, ಕಾಲಿನ ಬೆರಳ ಸಂದು ನೆಕ್ಕುತ್ತಾಳಾ ನೋಡಿ, ಹೌದಾದರೆ ಮೊದಲು ಅದನ್ನು ತೋರಿಸಿ. ಮತ್ತೆ ಸ್ವಾಬ್ ತೆಗೆಯುವ ಮೊದಲು ಒಂದು ಗಂಟೆ ಏನೂ ತಿನ್ನಲು ಕೊಡಬೇಡಿ. ನಾನು ಗಂಜಿ ಕೊಟ್ಟು ತೆಗೆದಿದ್ದೆ, ಸ್ಯಾಂಪಲ್ ಹಾಳಾಗಿ ಪುನಃ ಕಳಿಸಬೇಕಾಯಿತು. ಆ 860ರಲ್ಲಿ 430 ಅದರದ್ದೇ.